ಬಡಿತ ಹೆಚ್ಚಿದಾಗ ಎವಿ ನೋಡ್ ಚುರುಕಾಗುತ್ತದೆಯೋ, ನಿಧಾನವಾಗುತ್ತದೆಯೋ?

ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ನಿಮ್ಮ ಬಡಿತ ನಿಮಿಷಕ್ಕೆ 150 ತಲುಪಿದಾಗ ಇಸಿಜಿಯ ಪಿಆರ್ ಅಂತರ (ವಿದ್ಯುತ್ ಪ್ರಚೋದನೆ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಿಂದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ತಲುಪಲು ಹಿಡಿಯುವ ಸಮಯ) ಕಿರಿದಾಯಿತು, ಆದರೆ ನಿಮ್ಮ ದೊಡ್ಡಮ್ಮನವರ ಹೃತ್ಕರ್ಣವನ್ನು ಕ್ಯಾತಿಟರ್ ಮೂಲಕ ಅಷ್ಟೇ ವೇಗದಲ್ಲಿ ಬಡಿಸಿದಾಗ ಅದೇ ಅಂತರ ಹಿಗ್ಗುತ್ತಾ ಹೋಗಿ ನಡುನಡುವೆ ಬಡಿತವೇ ತಪ್ಪಿತು. ಇವೆರಡರಲ್ಲಿ ಯಾವುದು ಸಹಜವೆಂದು ಕೇಳಿದ್ದೀರಿ. ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವ ನಾನು ಪ್ರತಿವರ್ಷವೂ ಎದುರಿಸುವ ಪ್ರಶ್ನೆಯಿದು. ಎರಡೂ ಸಹಜವೇ. ಬಡಿತ ಎಷ್ಟಿತ್ತು ಎನ್ನುವುದಕ್ಕಿಂತ ಅದನ್ನು ಹೆಚ್ಚಿಸಿದ್ದು ಯಾವುದು ಎನ್ನುವುದು ಇಲ್ಲಿ ಮುಖ್ಯ.

ಎವಿ ನೋಡ್ ಎಂದರೆ ಹೃತ್ಕರ್ಣಗಳಿಂದ ಹೃತ್ಕುಕ್ಷಿಗಳಿಗೆ ಪ್ರಚೋದನೆಯನ್ನು ದಾಟಿಸುವ ಕೋಶಗಳ ಪುಟ್ಟ ಗುಚ್ಛ. ಹೃದಯದ ಬಹುಪಾಲು ಜೀವಕೋಶಗಳಲ್ಲಿ ವಿದ್ಯುತ್ ಪ್ರಚೋದನೆ ಸೋಡಿಯಂ ಅಯಾನುಗಳ ರಭಸದ ಒಳಹರಿವಿನಿಂದ ಹುಟ್ಟಿದರೆ, ಎವಿ ನೋಡಿನ ನಡುಭಾಗದ ಕೋಶಗಳಲ್ಲಿ ಅದು ನಿಧಾನಗತಿಯ ಕ್ಯಾಲ್ಸಿಯಂ ವಾಹಿನಿಗಳನ್ನು ಅವಲಂಬಿಸಿದೆ. ಈ ವಾಹಿನಿಗಳು ಒಮ್ಮೆ ತೆರೆದು ಮುಚ್ಚಿದ ಮೇಲೆ ಮತ್ತೆ ಸಿದ್ಧವಾಗಲು ಸಾಕಷ್ಟು ಸಮಯ ಬೇಕು. ಕೋಶದ ವಿದ್ಯುತ್ ವಿಭವ ಮೊದಲಿನ ಮಟ್ಟಕ್ಕೆ ಮರಳಿದ ನಂತರವೂ ಕೆಲಕಾಲ ಅವು ಪೂರ್ತಿ ಚೇತರಿಸಿಕೊಂಡಿರುವುದಿಲ್ಲ. ಆದ್ದರಿಂದ ಮುಂದಿನ ಪ್ರಚೋದನೆ ಎಷ್ಟು ಬೇಗ ಬರುತ್ತದೆಯೋ, ಅದು ನೋಡನ್ನು ದಾಟುವುದು ಅಷ್ಟೇ ನಿಧಾನ. ನನ್ನ ವಿದ್ಯಾರ್ಥಿಗಳು ಇದನ್ನು ನಮ್ಮೂರಿನ ಟ್ರಾಫಿಕ್ ಸಿಗ್ನಲ್‌ಗೆ ಹೋಲಿಸುವುದುಂಟು. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಸಿಗ್ನಲ್ ತನ್ನ ಗಡಿಯಾರದಂತೆ ಬದಲಾಗುತ್ತದೆ, ನೋಡ್ ಮಾತ್ರ ಹಿಂದಿನ ಪ್ರಚೋದನೆ ದಾಟಿ ಎಷ್ಟು ಹೊತ್ತಾಯಿತು ಎಂಬುದರ ಮೇಲೆ ನಡೆದುಕೊಳ್ಳುತ್ತದೆ.

ದೊಡ್ಡಮ್ಮನವರಲ್ಲಿ ಕಂಡದ್ದು ಇದೇ ಗುಣ. ಅವರು ಮಲಗಿದ್ದರು, ನರಗಳಿಂದ ಉತ್ತೇಜನವಿರಲಿಲ್ಲ, ಬಡಿತವನ್ನು ಹೆಚ್ಚಿಸಿದ್ದು ಯಂತ್ರ. ಅಂತರ ಹಂತಹಂತವಾಗಿ ಹಿಗ್ಗಿ ಒಂದು ಬಡಿತ ತಪ್ಪುವ ಈ ಕ್ರಮಕ್ಕೆ ಡಚ್ ವೈದ್ಯ ವೆಂಕೆಬಾಕ್ ಅವರ ಹೆಸರಿದೆ. ಅವರು ನಾಡಿಯ ರೇಖೆಗಳನ್ನು ನೋಡಿಯೇ 1899ರಲ್ಲಿ ಇದನ್ನು ವಿವರಿಸಿದ್ದರು. ಜಪಾನಿನ ರೋಗಶಾಸ್ತ್ರಜ್ಞ ಸುನಾವೊ ತವಾರ ಎವಿ ನೋಡನ್ನು ವರ್ಣಿಸಿದ್ದು 1906ರಲ್ಲಿ. ಅಂಗವೇ ಗೊತ್ತಿಲ್ಲದಿದ್ದಾಗ ಅದರ ವರ್ತನೆಯನ್ನು ಅಷ್ಟು ಸರಿಯಾಗಿ ಗುರುತಿಸಿದ್ದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ.

ನೀವು ಓಡಿದಾಗ ಬಡಿತದ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಸಡಿಲವಾಯಿತು, ಅದನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ಮತ್ತು ಅಡ್ರಿನಲಿನ್ ಸೇರಿ ಕ್ಯಾಲ್ಸಿಯಂ ಪ್ರವಾಹವನ್ನು ಹೆಚ್ಚಿಸಿದವು, ನೋಡ್ ಬೇಗ ಚೇತರಿಸಿಕೊಂಡಿತು. ವೇಗದ ಬಡಿತ ತರುವ ನಿಧಾನಕ್ಕಿಂತ ಈ ಉತ್ತೇಜನವೇ ಮೇಲುಗೈ ಸಾಧಿಸಿದ್ದರಿಂದ ಪಿಆರ್ ಕುಗ್ಗಿತು. ಅಟ್ರೋಪಿನ್ ಕೊಟ್ಟು ವೇಗಸ್ ಪ್ರಭಾವವನ್ನು ತೆಗೆದರೆ, ಮೊದಲು ಬಡಿತ ತಪ್ಪುತ್ತಿದ್ದ ವೇಗದಲ್ಲೇ ಸಾಮಾನ್ಯವಾಗಿ ಪ್ರತಿ ಪ್ರಚೋದನೆಯೂ ಕೆಳಗಿಳಿಯುತ್ತದೆ.

ನೋಡಿನ ಈ ನಿಧಾನ ದೋಷವಲ್ಲ, ರಕ್ಷಣೆ. ಹೃತ್ಕರ್ಣದ ಕಂಪನದಲ್ಲಿ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ, ಮೇಲಿನಿಂದ ನಿಮಿಷಕ್ಕೆ 350ಕ್ಕೂ ಹೆಚ್ಚು ಪ್ರಚೋದನೆಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ನೋಡ್ ತಡೆಯುವುದರಿಂದಲೇ ಹೃತ್ಕುಕ್ಷಿಗಳು ರಕ್ತವನ್ನು ಪಂಪ್ ಮಾಡುವ ಸ್ಥಿತಿಯಲ್ಲಿ ಉಳಿಯುತ್ತವೆ. ವುಲ್ಫ್-ಪಾರ್ಕಿನ್ಸನ್-ವೈಟ್ ಸಮಸ್ಯೆಯಿರುವವರಲ್ಲಿ ನೋಡನ್ನು ತಪ್ಪಿಸಿ ಹೋಗುವ ಹೆಚ್ಚುವರಿ ದಾರಿಯೊಂದಿರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಈ ತಡೆ ಇಲ್ಲ. ಹಾಗಾಗಿಯೇ ಅವರಿಗೆ ಇದೇ ಕಂಪನ ಪ್ರಾಣಾಪಾಯ ತರಬಲ್ಲದು.

ದೊಡ್ಡಮ್ಮನವರ ವೈದ್ಯರನ್ನು ಎರಡು ಸಂಗತಿ ಕೇಳಿ: ಬಡಿತ ತಪ್ಪಲು ಶುರುವಾದದ್ದು ಯಾವ ವೇಗದಲ್ಲಿ, ಮತ್ತು ಆಗ ಅವರು ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್ ಅಥವಾ ಡಿಗಾಕ್ಸಿನ್‌ನಂತಹ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ. ಈ ಮೂರೂ ನೋಡನ್ನು ಇನ್ನಷ್ಟು ನಿಧಾನಗೊಳಿಸುತ್ತವೆ.