ಆ ತೋಟಾ ಡಬ್ಬಿ ಇಸ್ಕೊಳ್ಳಬೇಡಿ

ಮುಂದಿನ ತಿಂಗಳು ಮೈಸೂರಿನಿಂದ ಅಲಾಸ್ಕಾದ ಆಂಕರೇಜಿಗೆ ಕೆಲಸದ ವೀಸಾದಲ್ಲಿ ಹೊರಟಿದ್ದೀರಿ. ಅಲ್ಲಿನ ಸಹೋದ್ಯೋಗಿಯೊಬ್ಬರು ಕರಡಿ ಕಾಟಕ್ಕೆ ಅಂತ ಒಂದು ರಿವಾಲ್ವರ್, ಜೊತೆಗೆ ತಾವೇ ಮನೆಯಲ್ಲಿ ತುಂಬಿದ 44 ಮ್ಯಾಗ್ನಮ್ (ದೊಡ್ಡ ರಿವಾಲ್ವರಿನ ಅಳತೆ) ತೋಟಾ ಒಂದು ಡಬ್ಬಿ ಕೊಡುತ್ತೇನೆ ಅಂದಿದ್ದಾರೆ. ಇಸ್ಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ.

ನಾನು ಮಂಡ್ಯ ಬಿಟ್ಟು 18 ವರ್ಷವಾಯಿತು. ಈಗ ರಜೆಗೆ ಊರಿಗೆ ಬಂದಿದ್ದೇನೆ. ಕತ್ತಲಾದ ಮೇಲೆ ಕಬ್ಬಿನ ಗದ್ದೆ ಕಡೆ ಹೋಗಬೇಡ, ಚಿರತೆ ಐತೆ ಅಂತ ಅವ್ವ ಗದರುತ್ತಾಳೆ. ಕರಡಿಗಳ ಊರಲ್ಲಿ ಸಂಸಾರ ಮಾಡುತ್ತಿರುವ ನನಗೆ!

ಮೊದಲು ಕಾನೂನು. ಎಚ್1ಬಿ ಥರದ ವೀಸಾದವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಒಂದೇ ಒಂದು ತೋಟಾ ಕೂಡ ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಫ್ರೆಂಡು ಕೊಟ್ಟದ್ದು, ನನ್ನದಲ್ಲ ಅಂದರೆ ನಡೆಯುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇರುವುದಿಲ್ಲ. ನಾನೂ ಅಲ್ಲಿವರೆಗೆ ಕಾದೆ.

ಇನ್ನು ಮನೆಯಲ್ಲಿ ತುಂಬಿದ ತೋಟಾ. ಹೊಡೆದು ಖಾಲಿಯಾದ ಹಿತ್ತಾಳೆ ಕೇಸಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್, ಅಳೆದ ಮದ್ದು, ಮೇಲೊಂದು ಗುಂಡು. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಗ್ಯಾರೇಜಿನಲ್ಲಿ ಕೂತು ನಾನೂ ತುಂಬುತ್ತೇನೆ, ಒಳ್ಳೆ ಹವ್ಯಾಸ. ಕರಡಿಗೆ ಅಂತ ಅಲ್ಲಿಯವರು ಆರಿಸುವುದು ಭಾರದ, ಗಟ್ಟಿ ಸೀಸದ, ಚಪ್ಪಟೆ ಮೂತಿಯ ಗುಂಡು. ಜಿಂಕೆಗೆ ಬಳಸುವ ಗುಂಡಿನ ಮೂತಿ ಒಳಗೆ ಹೋದ ಮೇಲೆ ಅರಳಿ ಬೇಗ ನಿಂತುಬಿಡುತ್ತದೆ. ಕಂದು ಕರಡಿಯಲ್ಲಿ ಮಾಂಸ, ಮೂಳೆ ದಾಟಿ ಆಳಕ್ಕೆ ಇಳಿಯಬೇಕಲ್ವಾ? ಲೆಕ್ಕವೇನೋ ಸರಿ. ಆದರೆ ಭಾರದ ಗುಂಡು ಹೊಡೆದಾಗ ಬಂದೂಕಿನ ಒದೆತವೂ ಜಾಸ್ತಿ. ಒಮ್ಮೆ ಹಗುರ ರಿವಾಲ್ವರಿಗೆ ನಾನೇ ತುಂಬಿದ್ದನ್ನು ಹಾಕಿ ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಹೊಡೆಯುತ್ತಿದ್ದೆ. ಕೇಸಿನ ಬಾಯಿಯನ್ನು ಸರಿಯಾಗಿ ಬಿಗಿದಿರಲಿಲ್ಲ. ಎರಡು ಏಟು ಆಗುವಷ್ಟರಲ್ಲಿ, ಇನ್ನೂ ಹೊಡೆಯದ ತೋಟಾದ ಗುಂಡು ಒದೆತಕ್ಕೆ ಜರುಗಿ ಮೂತಿ ಹೊರಗೆ ಚಾಚಿತ್ತು. ಸಿಲಿಂಡರ್ ತಿರುಗಲೇ ಇಲ್ಲ. ಎದುರಿಗಿದ್ದದ್ದು ಕಾಗದದ ಗುರಿ, ಬಚಾವಾದೆ. ಮದ್ದು ಹಾಕುವುದು ಮರೆತರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಎರಡು ಸಲ ಬಿದ್ದಿದ್ದರೆ ಬಂದೂಕೇ ಸಿಡಿಯಬಹುದು. ಬೇರೆಯವರು ತುಂಬಿದ್ದನ್ನು ಹೊರಗಿನಿಂದ ನೋಡಿ ಇದೆಲ್ಲ ಗೊತ್ತಾಗುವುದಿಲ್ಲ, ಅವರು ಎಷ್ಟೇ ಒಳ್ಳೆಯವರಾಗಿರಲಿ. ನನಗೆ ಅಭ್ಯಾಸಕ್ಕೆ ಮನೆಯದ್ದು, ಕಾಡಿಗೆ ಕಂಪನಿಯದ್ದು. ಅದೂ ಅದೇ ತೋಟಾವನ್ನು ಅದೇ ರಿವಾಲ್ವರಿನಲ್ಲಿ ಒಂದಷ್ಟು ಹೊಡೆದು ನೋಡಿದ ಮೇಲೆ.

ನೀವು ಅಲ್ಲಿಗೆ ಹೋದ ಮೊದಲ ವಾರವೇ ಬೇರ್ ಸ್ಪ್ರೇ ಕೊಳ್ಳಿ. ಮೆಣಸಿನಕಾಯಿ ಖಾರವೇ ಅದು, ನುಗ್ಗಿ ಬರುವ ಕರಡಿಯ ಮುಖಕ್ಕೆ ಎರಚುವುದು. ಸುಮಾರು 30 ಅಡಿವರೆಗೆ ಹೊಗೆಯ ಹಾಗೆ ಹರಡುತ್ತದೆ, ಏಳೆಂಟು ಸೆಕೆಂಡಿಗೆ ಡಬ್ಬಿ ಖಾಲಿ. ಬ್ಯಾಗಿನ ತಳದಲ್ಲಿ ಇಡಬೇಡಿ, ಸೊಂಟದಲ್ಲಿರಲಿ. ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ. ಕಾಡಲ್ಲಿ ಜೋರಾಗಿ ಮಾತಾಡುತ್ತಾ ನಡೆಯಿರಿ. ಮೈಸೂರಿನವರಿಗೆ ಜೋರು ಮಾತು ಸ್ವಲ್ಪ ಕಷ್ಟ, ಮಂಡ್ಯದವರಿಗೆ ಅಭ್ಯಾಸವಿದೆ. ಊರೊಳಗೆ ಮೂಸ್ ಸಿಗುತ್ತವೆ, ಜಿಂಕೆ ಜಾತಿಯ ಭಾರೀ ಪ್ರಾಣಿ. ಮರಿ ಜೊತೆಗಿದ್ದರೆ, ನಾಗರಹೊಳೆ ರಸ್ತೆಯಲ್ಲಿ ಆನೆಗೆ ದಾರಿ ಬಿಡುತ್ತೇವಲ್ಲ, ಹಾಗೆ ಬಿಟ್ಟುಬಿಡಿ.

ಇನ್ನೊಂದು. ಮುಂದೆ ಎಂದಾದರೂ ಬಂದೂಕು ಕೊಂಡರೂ, ರೇಂಜಿಗೆ ಒಯ್ದ ಬ್ಯಾಗನ್ನು ಊರಿಗೆ ತರಬೇಡಿ. ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೂ ಇಲ್ಲಿನ ಏರ್‌ಪೋರ್ಟಿನಲ್ಲಿ ಪೊಲೀಸ್ ಕೇಸಾಗುತ್ತದೆ. ನಾನು ಈ ಸಲ ಹೊಸ ಸೂಟ್‌ಕೇಸ್ ಕೊಂಡೇ ಬಂದೆ.