ಸಭೆಗೆ ಜನ ಬರ್ತಿಲ್ಲ, ಏನ್ಮಾಡೋದು?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಪಾಳು ಬಿದ್ದಿರುವ ಜಾಗವನ್ನು ಮಕ್ಕಳ ಆಟದ ಮೈದಾನ ಮಾಡಲು ಕೆಲವು ಸ್ನೇಹಿತರು ಸೇರಿ ಹೊರಟಿದ್ದೇವೆ. ಒಂದು ಸಂಸ್ಥೆ ಹಣ ಕೊಡಲು ಒಪ್ಪಿದೆ. ನಕ್ಷೆಯೂ ಸಿದ್ಧವಾಗಿದೆ. ಆದರೆ ನಿವಾಸಿಗಳ ಸಭೆ ಕರೆದರೆ ಬೆರಳೆಣಿಕೆಯಷ್ಟು ಜನ ಬರುತ್ತಾರೆ. ಬಂದವರೂ ಹೂಂ ಅಂದು ಎದ್ದು ಹೋಗುತ್ತಾರೆ. ಇವರನ್ನು ಜೊತೆಗೆ ತರುವುದು ಹೇಗೆ?

ಉತ್ತರ: ‘ನಕ್ಷೆಯೂ ಸಿದ್ಧವಾಗಿದೆ’ ಅಂದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ಏನು ಕಟ್ಟಬೇಕು, ಎಲ್ಲಿ ಕಟ್ಟಬೇಕು, ದುಡ್ಡು ಎಲ್ಲಿಂದ, ಎಲ್ಲಾ ತೀರ್ಮಾನವಾದ ಮೇಲೆ ಜನರನ್ನು ಕರೆದಿದ್ದೀರಿ. ಬಂದವರಿಗೆ ಹೂಂ ಅನ್ನುವುದು ಬಿಟ್ಟು ಬೇರೆ ಕೆಲಸವೇನಿತ್ತು?

ಅಮೆರಿಕದ ಶೆರಿ ಆರ್ನ್‌ಸ್ಟೈನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದ್ದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಬರೀ ನಾಟಕ. ನಡುವಿನ ಮೂರರಲ್ಲಿ ವಿಷಯ ತಿಳಿಸುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನ ಮಾಡುತ್ತಾರೆ. ಆದರೆ ತೀರ್ಮಾನ ಮಾತ್ರ ಕರೆದವರ ಕೈಯಲ್ಲೇ ಇರುತ್ತದೆ. ಮೇಲಿನ ಮೂರಕ್ಕೆ ಬಂದಾಗಲೇ ಜನರ ಕೈಗೆ ಅಧಿಕಾರ ಬರುವುದು. ನೀವಿನ್ನೂ ನಡುವಿನಲ್ಲಿದ್ದೀರಿ. ಬೇಜಾರು ಬೇಡ, ಹೆಚ್ಚಿನ ಯೋಜನೆಗಳು ಮುಗಿಯುವವರೆಗೂ ಅಲ್ಲೇ ಇರುತ್ತವೆ.

ಬಾಸ್ಟನ್‌ನ ಡಡ್ಲಿ ಸ್ಟ್ರೀಟ್ ಪ್ರದೇಶದಲ್ಲಿ 1980ರ ದಶಕದಲ್ಲಿ ಹೀಗೇ ಆಯಿತು. ಬಡವರಿದ್ದ ಜಾಗ, ಎಲ್ಲಿ ನೋಡಿದರೂ ಖಾಲಿ ನಿವೇಶನ. ಒಂದು ದತ್ತಿ ಸಂಸ್ಥೆ ಹಣ ಕೊಡಲು ಮುಂದೆ ಬಂತು. ಸಮಿತಿಯ ಪಟ್ಟಿಯನ್ನೂ ಮೊದಲೇ ಮಾಡಿಕೊಂಡು ಬಂದಿತ್ತು. ಅದರಲ್ಲಿ ನಿವಾಸಿಗಳು ಕೆಲವರು ಮಾತ್ರ, ಉಳಿದವರೆಲ್ಲ ಸಂಘ ಸಂಸ್ಥೆಗಳವರು. ನಿಮ್ಮಲ್ಲಿ ಎಷ್ಟು ಜನ ಇಲ್ಲಿ ವಾಸ ಮಾಡ್ತೀರಿ ಅಂತ ಸಭೆಯಲ್ಲೇ ಜನ ತಿರುಗಿಬಿದ್ದರು. ಸಂಸ್ಥೆಯವರು ಮುನಿಸಿಕೊಂಡು ಹೋಗಲಿಲ್ಲ. ಪಟ್ಟಿಯನ್ನು ಬದಲಿಸಿ ನಿವಾಸಿಗಳಿಗೇ ಬಹುಮತ ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಆದದ್ದೆಲ್ಲ ಈ ಒಂದು ತೀರ್ಮಾನದ ಮೇಲೆ ನಿಂತಿದೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ನಕ್ಷೆಯನ್ನು ಸದ್ಯಕ್ಕೆ ಒಳಗಿಡಿ. ಮನೆ ಮನೆಗೆ ಹೋಗಿ. ಅರ್ಜಿ ನಮೂನೆ ಹಿಡಿದುಕೊಂಡು ಹೋಗಬೇಡಿ, ಸುಮ್ನೆ ಹೋಗಿ ಕೂತು ಮಾತಾಡಿ. ಇಲ್ಲಿ ನಿಮಗೆ ಏನು ಕಾಡುತ್ತಿದೆ ಅಂತ ಕೇಳಿ. ಅದಕ್ಕಿಂತ ಮುಖ್ಯವಾಗಿ, ಈಗಾಗಲೇ ನೀವೇ ಏನು ಮಾಡಿಕೊಂಡಿದ್ದೀರಿ ಅಂತ ಕೇಳಿ. ಮೊದಲ ಪ್ರಶ್ನೆಗೆ ದೂರುಗಳು ಸಿಗುತ್ತವೆ, ಎರಡನೆಯದಕ್ಕೆ ಮನುಷ್ಯರು ಸಿಗುತ್ತಾರೆ. ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳುವ ನಿವೃತ್ತ ಮೇಷ್ಟ್ರು, ಬೀದಿ ದೀಪ ಕೆಟ್ಟರೆ ದೂರು ಕೊಟ್ಟು ಬೆನ್ನು ಹತ್ತುವ ಹೆಂಗಸು, ಬೀಗದ ಕೈಯನ್ನು ಎಲ್ಲರೂ ನಂಬಿ ಬಿಟ್ಟುಹೋಗುವ ಮನೆ. ಇಂಥವರು ಎಲ್ಲ ಕಡೆ ಇರುತ್ತಾರೆ, ಸಭೆಯಲ್ಲಿ ಮಾತ್ರ ಕಾಣುವುದಿಲ್ಲ. ಬಡಾವಣೆಯಲ್ಲಿ ಏನಿಲ್ಲ ಅನ್ನುವುದಕ್ಕಿಂತ ಏನಿದೆ ಅಂತ ಮೊದಲು ಲೆಕ್ಕ ಹಾಕಿ ಎಂದು ಅಮೆರಿಕದ ಜಾನ್ ಮೆಕ್‌ನೈಟ್, ಜಾನ್ ಕ್ರೆಟ್ಜ್‌ಮನ್ 1990ರ ದಶಕದಿಂದ ಹೇಳುತ್ತಾ ಬಂದದ್ದೂ ಇದನ್ನೇ.

ಎಲ್ಲಾ ಕೇಳಿದ ಮೇಲೆ ಮೈದಾನ ಯಾರಿಗೂ ಬೇಕಿಲ್ಲ ಅಂತ ಗೊತ್ತಾಗಬಹುದು. ಆಗ ಹಣ ಕೊಡುವವರಿಗೆ ಅದನ್ನೇ ಹೇಳಿ. ಅವರು ಒಪ್ಪದಿದ್ದರೆ ಆ ಹಣ ಬಿಟ್ಟುಬಿಡುವುದೇ ಒಳ್ಳೆಯದು. ಬೇಡವಾದ ಮೈದಾನಕ್ಕೆ ಬೇಲಿ ಹಾಕಿ ಕಾಯುವುದು ಇನ್ನೂ ದುಬಾರಿ.

ಪ್ರಶ್ನೆ: ನಮ್ಮಲ್ಲಿ ಜನ ಬರುತ್ತಾರೆ. ಆದರೆ ಮಾತಾಡುವವರು ಯಾವಾಗಲೂ ಅದೇ ನಾಲ್ಕು ಜನ. ಬಾಡಿಗೆಯವರು ಬರುವುದೇ ಇಲ್ಲ, ಹೆಂಗಸರು ಬಂದರೂ ಬಾಯಿ ಬಿಡುವುದಿಲ್ಲ.

ಉತ್ತರ: ನಿಮ್ಮ ಸಭೆಯಲ್ಲಿ ಕುರ್ಚಿ ಹೇಗೆ ಹಾಕುತ್ತೀರಿ? ಮುಂದೆ ಮೇಜು, ಮೈಕು, ಎದುರಿಗೆ ಸಾಲು ಕುರ್ಚಿ ಅಲ್ವಾ? ಹಾಗೆ ಹಾಕಿದರೆ ಭಾಷಣ ರೂಢಿ ಇದ್ದವರೇ ಮಾತಾಡುತ್ತಾರೆ.

ಬ್ರಿಟನ್ನಿನ ಟೋನಿ ಗಿಬ್ಸನ್ 1970ರ ದಶಕದಲ್ಲಿ ‘ಪ್ಲಾನಿಂಗ್ ಫಾರ್ ರಿಯಲ್’ ಅಂತ ಒಂದು ವಿಧಾನ ಮಾಡಿದರು. ನನಗೆ ಬಹಳ ಇಷ್ಟವಾದದ್ದು. ಬಡಾವಣೆಯ ಮಾದರಿಯನ್ನು ರಟ್ಟಿನಲ್ಲಿ ಮಾಡಿ, ಜನ ಓಡಾಡುವ ಕಡೆ ಮೇಜಿನ ಮೇಲೆ ಇಡುತ್ತಾರೆ. ಪಕ್ಕದಲ್ಲಿ ಚೀಟಿಗಳ ರಾಶಿ. ಒಂದರಲ್ಲಿ ‘ಬೀದಿ ದೀಪ’, ಇನ್ನೊಂದರಲ್ಲಿ ‘ಕೂರಲು ಬೆಂಚು’, ಮತ್ತೊಂದರಲ್ಲಿ ‘ರಸ್ತೆ ದಾಟಲು ಜಾಗ’. ಬೇಕಾದ ಚೀಟಿ ತೆಗೆದು ಬೇಕಾದ ಜಾಗದಲ್ಲಿ ಇಟ್ಟು ಹೋಗಬೇಕು. ಬಾಯಿ ಬಿಡುವ ಅಗತ್ಯವೇ ಇಲ್ಲ. ಯಾವ ಚೀಟಿ ಯಾರು ಇಟ್ಟರು ಅಂತಲೂ ಗೊತ್ತಾಗುವುದಿಲ್ಲ. ಒಂದು ಓಣಿಯ ತಿರುವಿನಲ್ಲಿ ‘ಬೀದಿ ದೀಪ’ದ ಚೀಟಿಗಳೇ ಒಂದರ ಮೇಲೊಂದು ಬಿದ್ದರೆ, ಆ ತಿರುವಿನಲ್ಲಿ ರಾತ್ರಿ ಏನೋ ಸರಿಯಿಲ್ಲ ಅಂತ ಅರ್ಥ. ಮೈಕ್ ಮುಂದೆ ಇದನ್ನು ಯಾರೂ ಹೇಳುತ್ತಿರಲಿಲ್ಲ. ಮಕ್ಕಳೇ ಮಾದರಿ ಮಾಡಿದರೆ ಇನ್ನೂ ಚೆಂದ, ಅವರ ಹಿಂದೆ ಅಪ್ಪ ಅಮ್ಮನೂ ನೋಡಲು ಬರುತ್ತಾರೆ.

ಬಾಡಿಗೆಯವರ ವಿಷಯ ಬೇರೆ. ರಸ್ತೆ ಚೆನ್ನಾದರೆ ಬಾಡಿಗೆ ಏರುತ್ತದೆ, ಆಮೇಲೆ ಖಾಲಿ ಮಾಡಬೇಕಾಗುತ್ತದೆ ಅನ್ನುವ ಭಯ ಅವರಿಗಿರುತ್ತದೆ. ಅದು ಸುಳ್ಳು ಭಯವೂ ಅಲ್ಲ. ಅದನ್ನು ಸಭೆಯಲ್ಲಿ ನೇರವಾಗಿ ಎತ್ತಿ. ಸಮಿತಿಯಲ್ಲಿ ಅವರಿಗೆ ಅಂತಲೇ ಜಾಗ ಇಡಿ. ಡಡ್ಲಿ ಸ್ಟ್ರೀಟಿನಲ್ಲಿ ನಾಲ್ಕು ಮುಖ್ಯ ಸಮುದಾಯಗಳಿದ್ದವು. ಯಾರ ಸಂಖ್ಯೆ ಎಷ್ಟೇ ಇರಲಿ, ನಾಲ್ಕಕ್ಕೂ ಸಮಿತಿಯಲ್ಲಿ ಸಮಾನ ಸ್ಥಾನ ಕೊಟ್ಟರು.

ಪ್ರಶ್ನೆ: ನಿವಾಸಿಗಳಿಂದ ವಂತಿಗೆ ಕೇಳಬಹುದೇ? ಇದು ಸರ್ಕಾರದ ಕೆಲಸ, ನಾವ್ಯಾಕೆ ಕೊಡಬೇಕು ಅನ್ನುತ್ತಾರೆ.

ಉತ್ತರ: ಅವರು ಕೇಳುವುದರಲ್ಲಿ ನ್ಯಾಯ ಇದೆ. ಕರಾಚಿಯ ಬಡವರ ಬಡಾವಣೆ ಒರಂಗಿಯಲ್ಲಿ 1980ರಲ್ಲಿ ಸಮಾಜ ವಿಜ್ಞಾನಿ ಅಖ್ತರ್ ಹಮೀದ್ ಖಾನ್ ಕೆಲಸ ಶುರು ಮಾಡಿದಾಗಲೂ ಜನ ಇದನ್ನೇ ಅಂದರು. ಅಲ್ಲಿ ಒಳಚರಂಡಿಯೇ ಇರಲಿಲ್ಲ, ಕೊಳಚೆ ಓಣಿಯಲ್ಲೇ ಹರಿಯುತ್ತಿತ್ತು. ಕೊನೆಗೆ ಒಂದು ಹಂಚಿಕೆ ಮಾಡಿಕೊಂಡರು. ಮನೆಯ ಶೌಚಾಲಯ, ಓಣಿಯ ಕೊಳವೆ, ಓಣಿಗಳನ್ನು ಸೇರಿಸುವ ಚರಂಡಿ, ಇಷ್ಟು ಜನರ ಖರ್ಚು. ದೊಡ್ಡ ಕಾಲುವೆ ಮತ್ತು ಶುದ್ಧೀಕರಣ ಘಟಕ ಸರ್ಕಾರದ್ದು. ಇಪ್ಪತ್ತು ಮೂವತ್ತು ಮನೆಗಳ ಓಣಿಯೇ ಒಂದು ಘಟಕ. ಓಣಿಯವರೇ ಒಬ್ಬರನ್ನು ಆರಿಸಿ ಅವರ ಕೈಗೆ ದುಡ್ಡು ಕೊಡುತ್ತಿದ್ದರು. ಖಾನ್ ಅವರ ಸಂಸ್ಥೆ ಆ ದುಡ್ಡನ್ನು ಮುಟ್ಟುತ್ತಿರಲಿಲ್ಲ. ಅಳತೆ, ನಕ್ಷೆ, ಉಪಕರಣ, ಸಲಹೆ ಮಾತ್ರ ಕೊಡುತ್ತಿತ್ತು. ಗುತ್ತಿಗೆದಾರರಿಲ್ಲದೆ, ಸರಳ ವಿನ್ಯಾಸದಲ್ಲಿ ಕೆಲಸ ನಡೆದದ್ದರಿಂದ ಖರ್ಚು ತುಂಬಾ ಇಳಿಯಿತು.

ಇದರಿಂದ ತೆಗೆದುಕೊಳ್ಳಬೇಕಾದದ್ದು ಹಂಚಿಕೆಯ ಗೆರೆ. ಯಾವುದು ನಮ್ಮದು, ಯಾವುದು ನಗರಾಡಳಿತದ್ದು ಅಂತ ಮೊದಲೇ ಬರೆದಿಡಿ. ಇಲ್ಲದಿದ್ದರೆ ನಿಮ್ಮ ಉತ್ಸಾಹ ನೋಡಿ ಅಧಿಕಾರಿಗಳು ಕೈ ತೊಳೆದುಕೊಳ್ಳುತ್ತಾರೆ. ಬಡವರ ಬಡಾವಣೆಯಲ್ಲಿ ವಂತಿಗೆ, ಉಳ್ಳವರ ಬಡಾವಣೆಯಲ್ಲಿ ಪುಕ್ಕಟೆ ಅಂತಾದರೆ ಅದಕ್ಕೆ ಅಭಿವೃದ್ಧಿ ಅನ್ನಬೇಡಿ. ಇನ್ನು ಲೆಕ್ಕದ ಹಾಳೆ ಖಜಾಂಚಿಯ ಮನೆಯಲ್ಲಿರಬಾರದು, ಎಲ್ಲರೂ ಓಡಾಡುವ ಗೋಡೆಯ ಮೇಲಿರಬೇಕು. ಕೊಟ್ಟವರ ಹೆಸರಿನ ಪಕ್ಕ ಮೊತ್ತ ಬೇಡ. ಕಡಿಮೆ ಕೊಟ್ಟವರು ಸಭೆಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಪ್ರಶ್ನೆ: ಮೊದಲ ಕೆಲಸ ಯಾವುದನ್ನು ಕೈಗೆತ್ತಿಕೊಳ್ಳಲಿ?

ಉತ್ತರ: ಬೇಗ ಮುಗಿಯುವಂಥದ್ದು, ಎಲ್ಲರ ಕಣ್ಣಿಗೆ ಕಾಣುವಂಥದ್ದು. ಡಡ್ಲಿ ಸ್ಟ್ರೀಟಿನವರು ಮೊದಲು ಹಿಡಿದದ್ದು ಕಸವನ್ನು. ಹೊರಗಿನವರು ಖಾಲಿ ನಿವೇಶನಗಳಿಗೆ ತಂದು ಸುರಿಯುತ್ತಿದ್ದ ಕಸ. ಅದು ನಿಂತ ಮೇಲೆ ಜನರಿಗೆ ಧೈರ್ಯ ಬಂತು. 1988ರಲ್ಲಿ ಖಾಲಿ ಜಾಗಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನೇ ನಗರಾಡಳಿತದಿಂದ ಪಡೆದರು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ಜನರೇ ಬಜೆಟ್ ಹಂಚುವ ಪದ್ಧತಿ ಶುರುವಾದಾಗಲೂ ಮೊದಮೊದಲು ಬಂದವರು ಕಡಿಮೆ. ಕೇಳಿದ ಚರಂಡಿ, ರಸ್ತೆ ಕಣ್ಣೆದುರು ಬಂದಂತೆ ಹತ್ತೇ ವರ್ಷದಲ್ಲಿ ಹತ್ತಾರು ಸಾವಿರ ಜನ ಸೇರತೊಡಗಿದರು. ನೀವು ಒಂದು ದೀಪ ಹಾಕಿಸಿದರೂ ಸಾಕು. ಆದರೆ ಅದು ಸಭೆಯಲ್ಲಿ ಜನ ಕೇಳಿದ ದೀಪವೇ ಆಗಿರಬೇಕು. ಮುಂದಿನ ಸಭೆಯ ದಿನ ಗೊತ್ತು ಮಾಡುವ ಮೊದಲೇ ಅದು ಉರಿಯುತ್ತಿರಲಿ.