ಹೊಸ ಸಂಸತ್ ಭವನ ತ್ರಿಕೋನವೇಕೆ?

ಪ್ರಶ್ನೆ: ದೆಹಲಿಯ ಹೊಸ ಸಂಸತ್ ಭವನ ತ್ರಿಕೋನಾಕಾರದಲ್ಲಿ ಏಕಿದೆ? ಹಳೆಯ ಭವನದಲ್ಲಿದ್ದಂಥ ಸೆಂಟ್ರಲ್ ಹಾಲ್ ಇಲ್ಲದೆ ಎರಡೂ ಸದನಗಳ ಜಂಟಿ ಅಧಿವೇಶನ ಎಲ್ಲಿ ನಡೆಯುತ್ತದೆ?

ಉತ್ತರ: ನಿವೇಶನವೇ ತ್ರಿಕೋನ. ಜಾಗ ವ್ಯರ್ಥವಾಗದಿರಲೆಂದು ಕಟ್ಟಡವೂ ಅದೇ ಆಕಾರ ತಳೆಯಿತು. ಜಂಟಿ ಅಧಿವೇಶನಕ್ಕೆ ಲೋಕಸಭೆಯ ಸಭಾಂಗಣವನ್ನೇ ಬಳಸಬಹುದು. ಅಲ್ಲಿ 888 ಆಸನಗಳಿವೆ, ಜಂಟಿ ಅಧಿವೇಶನದಲ್ಲಿ 1,272 ಮಂದಿಗೆ ಸ್ಥಳ ಮಾಡಿಕೊಡಬಹುದು. ರಾಜ್ಯಸಭೆಯಲ್ಲಿ 384 ಆಸನಗಳು.

1927ರ ಹಳೆಯ ಭವನದ ನಿಜವಾದ ತೊಂದರೆ ಇಕ್ಕಟ್ಟು. ಸೆಂಟ್ರಲ್ ಹಾಲ್‌ನಲ್ಲಿ ಇದ್ದದ್ದು ಸುಮಾರು 440 ಆಸನ; ಜಂಟಿ ಅಧಿವೇಶನ ಬಂತೆಂದರೆ ಹೆಚ್ಚುವರಿ ಕುರ್ಚಿ ಹಾಕಬೇಕಿತ್ತು. ಸದನದಲ್ಲೂ ಎರಡನೇ ಸಾಲಿನ ಹಿಂದೆ ಮೇಜುಗಳೇ ಇರಲಿಲ್ಲ. ಕಾಗದಪತ್ರ ತೊಡೆಯ ಮೇಲಿಟ್ಟುಕೊಂಡು ಮಸೂದೆ ಓದುವುದು ಜನಪ್ರತಿನಿಧಿಗೆ ತಕ್ಕ ವ್ಯವಸ್ಥೆಯಲ್ಲ. ದೆಹಲಿ ಭೂಕಂಪದ ಅಪಾಯವಿರುವ ಪ್ರದೇಶ. ಹಾಗಾಗಿ ಹೊಸ ಕಟ್ಟಡದ ವಿನ್ಯಾಸದಲ್ಲಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.